ಎರಡು ದಿನಕ್ಕೆ ಬೆಂಗಳೂರೆಲ್ಲಾ ಸುತ್ತಕ್ಕಾಗಲ್ಲ, ಒಂದು ಏರಿಯಾ ಹಿಡೀರಿ

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಹೆಚ್ಚೂಕಮ್ಮಿ ಎಲ್ಲಾ ಒಂದೇ ವಿಷಯದ ಮೇಲೆ ಅದಾವೆ. ರಜೆ ಬಂತು, ದೊಡ್ಡ ಊರಿಗೆ ಹೋಗ್ತೀವಿ, ಹಾಡು ಕೇಳ್ಬೇಕು, ಏನಾದ್ರೂ ಚಲೋದು ತಿನ್ಬೇಕು, ಎಲ್ಲಿಗೆ ಹೋಗೋದು ಹೇಳ್ರಿ ಅಂತ. ಒಂದೇ ತರ ಕೇಳಿರೋವನ್ನ ಸೇರಿಸಿ ಉತ್ತರ ಬರ್ದೀನಿ.

ಪ್ರಶ್ನೆ: ಅಕ್ಕಾ, ನಾವು ಮೂರು ಜನ ಫ್ರೆಂಡ್ಸು, ಬೆಂಗಳೂರಲ್ಲಿ ಒಂದು ದೊಡ್ಡ ಕಾನ್ಸರ್ಟ್‌ಗೆ ಹೋಗ್ಬೇಕು ಅಂತ ದುಡ್ಡು ಕೂಡಿಸಿ ಇಟ್ಕೊಂಡೀವಿ. ಮನ್ಯಾಗ ರಾತ್ರಿ ಹೆಂಗ ವಾಪಸ್ ಬರ್ತೀರಿ ಅಂತ ಬೈತಾರ. ಟಿಕೆಟ್ಟಿನ್ಯಾಗ ಎಷ್ಟೊಂದು ತರ ಅದಾವ, ಯಾವ್ದು ತಗೋಬೇಕು ತಿಳೀವಲ್ದು.
— ಡಿಗ್ರಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ತಂಗಿ, ಮೊದ್ಲು ಮನೆಯವರ ಚಿಂತೆಗೆ ಉತ್ತರ ಹೇಳ್ತೀನಿ, ಯಾಕಂದ್ರೆ ಅವರು ಕೇಳ್ತಿರೋದು ಸರಿಯಾದ ಪ್ರಶ್ನೆನೇ. ಈಗ ದೊಡ್ಡ ದೊಡ್ಡ ಶೋಗಳು ಬಹಳಷ್ಟು ತುಮಕೂರು ರೋಡಿನ ಮಾದಾವರ ಕಡೆ ನೈಸ್ ಗ್ರೌಂಡ್ಸ್‌ನಲ್ಲಿ ಆಗ್ತಾವೆ, 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದೂ ಅಲ್ಲೇ. ಮುಂಚೆ ಅಲ್ಲಿಂದ ರಾತ್ರಿ ವಾಪಸ್ ಬರೋದು ದೊಡ್ಡ ತಲೆನೋವಾಗಿತ್ತು, ಆದ್ರೆ 2024ರ ನವೆಂಬರ್‌ನಿಂದ ಹಸಿರು ಲೈನ್ ಮೆಟ್ರೋ ಮಾದಾವರದವರೆಗೂ ಹೋಗ್ತೈತೆ. ನಿಮ್ಮ ಗಂಗಾವತಿ ಕಡೆಯಿಂದ ಯಶವಂತಪುರಕ್ಕೆ ರಾತ್ರಿ ಟ್ರೈನ್ ಐತಲ್ಲ, ಆ ಯಶವಂತಪುರನೂ ಇದೇ ಹಸಿರು ಲೈನಿನ ಮೇಲೇ ಬರ್ತೈತೆ. ಹಂಗಾಗಿ ನೀವು ಉಳ್ಕೊಳ್ಳೋ ರೂಮನ್ನ ಎಂ.ಜಿ. ರೋಡು, ಕೋರಮಂಗಲ ಅಂತ ದೂರ ಮಾಡ್ಕೋಬೇಡ್ರಿ, ಯಶವಂತಪುರ ಇಲ್ಲಾ ಮಲ್ಲೇಶ್ವರದಲ್ಲಿ ಮೆಟ್ರೋ ಸ್ಟೇಷನ್ನಿಗೆ ನಡ್ಕೊಂಡು ಹೋಗೋ ಅಷ್ಟು ದೂರದಾಗೆ ಮಾಡ್ರಿ, ಅಲ್ಲಿಗೆ ಅರ್ಧ ಸಮಸ್ಯೆ ಮುಗೀತು.

ರಾತ್ರಿ ಹತ್ತರ ಮೇಲೆ ಬಯಲಲ್ಲಿ ಮೈಕ್ ಹಾಕೋ ಹಂಗಿಲ್ಲ ಅಂತ ಶಬ್ದ ಮಾಲಿನ್ಯದ ನಿಯಮ ಐತೆ, ಅದಕ್ಕೇ ಇಂಥ ಶೋ ಎಲ್ಲಾ ಹತ್ತಕ್ಕೆ ಮುಗಿಸ್ತಾರೆ. ಮೆಟ್ರೋ ಕೊನೇ ಟ್ರೈನು ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ. ಅಷ್ಟು ಸಾವಿರ ಜನ ಒಂದೇ ಗೇಟಲ್ಲಿ ಹೊರಗೆ ಬರೋದಕ್ಕೇ ಬಹಳ ಹೊತ್ತು ಹಿಡಿತೈತೆ, ಅದಕ್ಕೆ ಕೊನೇ ಹಾಡು ಶುರುವಾಗ್ತಿದ್ದಂಗೆ ಗೇಟ್ ಕಡೆ ನಡೀತಾ ಕೇಳ್ರಿ. ವಾಪಸ್ ಟಿಕೆಟ್ಟಿನ ದುಡ್ಡನ್ನ ಹೋಗುವಾಗಲೇ ಮೆಟ್ರೋ ಕಾರ್ಡಿಗೆ ಹಾಕಿಸಿಟ್ಕೊಳ್ರಿ, ಆಮೇಲೆ ಕೌಂಟರ್ ಮುಂದೆ ಕ್ಯೂ ನಿಲ್ಲೋದು ಬೇಡ. ಕ್ಯಾಬ್ ನಂಬ್ಕೊಂಡು ಕೂತ್ರೆ ಆ ಹೊತ್ತಿಗೆ ರೇಟು ಎರಡು ಮೂರು ಪಟ್ಟು ತೋರಿಸ್ತೈತೆ, ಬುಕ್ ಆದ್ರೂ ಡ್ರೈವರಿಗೆ ಆ ಟ್ರಾಫಿಕ್ಕಲ್ಲಿ ಒಳಗೆ ಬರಕ್ಕಾಗಲ್ಲ.

ಟಿಕೆಟ್ ವಿಷಯ. ಫ್ಯಾನ್ ಪಿಟ್ ಅಂದ್ರೆ ಸ್ಟೇಜ್ ಮುಂದೆ ನಿಂತ್ಕೊಂಡು ನೋಡೋದು, ನಾಲ್ಕೈದು ತಾಸು ಕೂರಕ್ಕೆ ಜಾಗ ಇರಲ್ಲ, ಬಾತ್‌ರೂಮಿಗೆ ಹೋದ್ರೆ ಜಾಗನೂ ಹೋಯ್ತು. ಮೊದಲ್ನೇ ಸಲಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಎಲ್ಲಕ್ಕಿಂತ ಕಡಿಮೆ ರೇಟಿನ ಟಿಕೆಟ್ಟಲ್ಲೂ ಹಾಡು ಚಲೋನೇ ಕೇಳ್ತೈತೆ, ಮುಖ ನೋಡಕ್ಕೆ ದೊಡ್ಡ ಸ್ಕ್ರೀನ್ ಇರ್ತಾವೆ. ಸೌಂಡ್ ಇನ್ನೂ ಚಲೋ ಬೇಕಂದ್ರೆ ಹಿಂದ್ಗಡೆ ಸೌಂಡ್ ಕಂಟ್ರೋಲ್ ಮಾಡೋ ಟೆಂಟ್ ಇರ್ತೈತಲ್ಲ, ಅದರ ಹತ್ರ ನಿಂತ್ಕೊಳ್ರಿ, ಸೌಂಡ್ ಎಂಜಿನಿಯರ್ ಕೂತು ಕೇಳ್ಕೊಂಡು ಸರಿ ಮಾಡೋದೇ ಆ ಜಾಗದಿಂದ. ಟಿಕೆಟನ್ನ ಶೋ ಮಾಡೋರು ಹೇಳಿರೋ ಆ್ಯಪಲ್ಲೇ ತಗೊಳ್ರಿ, ಇನ್‌ಸ್ಟಾಗ್ರಾಮಲ್ಲಿ "ಒಂದು ಎಕ್ಸ್‌ಟ್ರಾ ಐತೆ" ಅಂತ ಸ್ಕ್ರೀನ್‌ಶಾಟ್ ಕಳಿಸೋರ ಹತ್ರ ಬೇಡ್ವೇ ಬೇಡ, ಒಂದೇ ಕ್ಯೂಆರ್ ಕೋಡನ್ನ ಹತ್ತು ಜನಕ್ಕೆ ಮಾರಿದ್ರೆ ಮೊದ್ಲು ಸ್ಕ್ಯಾನ್ ಆದವರು ಮಾತ್ರ ಒಳಗೆ. ವಯಸ್ಸಿನ ಮಿತಿ ಎಷ್ಟು, ಬ್ಯಾಗು ನೀರಿನ ಬಾಟ್ಲಿ ಬಿಡ್ತಾರಾ ಅನ್ನೋದು ಟಿಕೆಟ್ ಕೆಳಗೇ ಬರ್ದಿರ್ತಾರೆ, ಓದ್ರಿ. ಗುರುತಿನ ಚೀಟಿ ಇಟ್ಕೊಳ್ರಿ. ಒಳಗೆ ಕೆಲವು ಕಡೆ ಕ್ಯಾಶ್ ನಡೆಯಲ್ಲ, ಕೈಗೆ ಬ್ಯಾಂಡ್ ಕಟ್ಟಿ ಅದಕ್ಕೇ ದುಡ್ಡು ತುಂಬಿಸ್ಕೋಬೇಕು, ಊಟದ ರೇಟೂ ಜಾಸ್ತಿ, ಅದಕ್ಕೆ ಹೊಟ್ಟೆ ತುಂಬ ತಿಂದೇ ಒಳಗೆ ಹೋಗ್ರಿ. ನೆಟ್‌ವರ್ಕ್ ಸಿಗಲ್ಲ, ಮೂರೂ ಜನ ಬೇರೆ ಬೇರೆ ಆದ್ರೆ ಎಲ್ಲಿ ಸೇರೋದು ಅಂತ ಮೊದ್ಲೇ ಒಂದು ಜಾಗ ಗುರುತು ಮಾಡ್ಕೊಳ್ರಿ.

ಮನೇಲಿ ಇದಿಷ್ಟನ್ನೂ ಓದಿ ಹೇಳು ತಂಗಿ. ಹೋಗಿ ಬಾ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ಮನೆಯವರಿಗೂ ನನಗೂ ಶಾಸ್ತ್ರೀಯ ಸಂಗೀತ ಅಂದ್ರೆ ಪ್ರಾಣ. ಮಗ ಬೆಂಗಳೂರಲ್ಲಿ ಇದಾನೆ, ಹೋದಾಗೆಲ್ಲಾ ಮಾಲ್‌ಗೆ ಕರ್ಕೊಂಡು ಹೋಗ್ತಾನೆ. ನಮಗೆ ಕಛೇರಿ ಕೇಳ್ಬೇಕು, ನಾಟಕ ನೋಡ್ಬೇಕು. ಯಾವ ತಿಂಗಳಲ್ಲಿ ಹೋಗೋದು ಒಳ್ಳೇದು?
— ಬಳ್ಳಾರಿಯ ಓದುಗರು

ಉತ್ತರ: ಸಾರ್, ನಿಮ್ಮ ಪತ್ರ ಓದಿ ಬಹಳ ಖುಷಿ ಆಯ್ತು. ರಾಮನವಮಿ ಹೊತ್ತಿಗೆ ಹೋಗ್ರಿ, ಬೇರೆ ಯೋಚನೆನೇ ಬೇಡ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ಸಂಗೀತೋತ್ಸವ 1939ರಿಂದ ನಡ್ಕೊಂಡು ಬಂದೈತೆ, ಒಂದು ದಿನ ಎರಡು ದಿನ ಅಲ್ಲ, ಹೆಚ್ಚೂಕಮ್ಮಿ ಒಂದು ತಿಂಗಳು ದಿನಾ ಸಾಯಂಕಾಲ ಪೆಂಡಾಲ್ ಕೆಳಗೆ ಕಛೇರಿ. ನಮ್ಮ ಕಡೆ ಹಿಂದೂಸ್ತಾನಿ ಕಿವಿ ಜಾಸ್ತಿ, ಆದ್ರೂ ಕರ್ನಾಟಕ ಸಂಗೀತದಲ್ಲಿ ಒಂದೇ ರಾಗನ ಒಂದು ತಾಸು ಹಿಡಿದು ತನಿ ಆವರ್ತನದಲ್ಲಿ, ಅಂದ್ರೆ ಹಾಡು ನಿಂತು ಬರೀ ತಾಳವಾದ್ಯ ನುಡಿಸೋ ಹೊತ್ತಲ್ಲಿ, ಮೃದಂಗ ಘಟ ಮಾತಾಡ್ಕೊಳ್ಳೋದನ್ನ ಬಯಲಲ್ಲಿ ಕೂತು ಕೇಳ್ಬೇಕು, ಅದರ ಸುಖನೇ ಬೇರೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ ಹತ್ರ ಆಗ್ತೈತೆ. ಅದೇ ದಿನಗಳಲ್ಲಿ ಎಷ್ಟೋ ಬಡಾವಣೆಯ ರಾಮಮಂದಿರಗಳಲ್ಲಿ ಟಿಕೆಟ್ಟೇ ಇಲ್ಲದೆ ಕಛೇರಿ ಇರ್ತಾವೆ, ಪಾನಕ ಕೋಸಂಬರಿ ಕೈಗೆ ಕೊಡ್ತಾರೆ.

ರಾಮನವಮಿಗೆ ಆಗ್ಲಿಲ್ಲ ಅಂದ್ರೂ ಬೇಜಾರಿಲ್ಲ. ಕೆ.ಆರ್. ರೋಡಿನ ಗಾಯನ ಸಮಾಜ 1905ರದ್ದು, ಅಲ್ಲಿ ವರ್ಷವಿಡೀ ಏನಾದ್ರೂ ಇರ್ತೈತೆ. ಚೌಡಯ್ಯ ಮೆಮೋರಿಯಲ್ ಹಾಲ್‌ನ ಹೊರಗಿಂದನೂ ಒಂದ್ಸಲ ನೋಡ್ರಿ, ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದು, ಅವರು ಏಳು ತಂತಿ ಪಿಟೀಲು ನುಡಿಸ್ತಿದ್ದೋರು. ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಸಂಜೆ ಕಾರ್ಯಕ್ರಮಗಳು ಫ್ರೀ, ಸದ್ದಿಲ್ಲದ ಜಾಗ, ನಿಮ್ಮಂಥೋರಿಗೆ ಹೇಳಿ ಮಾಡಿಸಿದ್ದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲೂ ಬಹಳಷ್ಟು ಕಾರ್ಯಕ್ರಮಕ್ಕೆ ದುಡ್ಡಿಲ್ಲ, ಆನ್‌ಲೈನಲ್ಲಿ ಹೆಸರು ಬರೆಸ್ಬೇಕು, ಅದನ್ನ ಮಗನ ಕೈಲಿ ಮಾಡಿಸ್ರಿ.

ನಾಟಕಕ್ಕೆ ಎರಡು ಜಾಗ. ಜೆ.ಸಿ. ರೋಡಿನ ರವೀಂದ್ರ ಕಲಾಕ್ಷೇತ್ರ, ಆಮೇಲೆ ಜೆ.ಪಿ. ನಗರದ ರಂಗಶಂಕರ. ರಂಗಶಂಕರ ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿದ್ದು, 2004ರಲ್ಲಿ ಶುರುವಾಯ್ತು. ಅಲ್ಲಿ ಒಂದು ನಿಯಮ ಐತೆ, ನಾಟಕ ಶುರುವಾದ ಮೇಲೆ ಯಾರೇ ಬಂದ್ರೂ ಒಳಗೆ ಬಿಡಲ್ಲ, ಟಿಕೆಟ್ ಇದ್ರೂ ಅಷ್ಟೇ. ನನಗೆ ಈ ನಿಯಮ ಬಹಳ ಹಿಡಿಸ್ತೈತೆ, ರಂಗದ ಮೇಲೆ ಇರೋರಿಗೆ ಕೊಡೋ ಮರ್ಯಾದೆ ಅದು. ರಂಗನಟ ಬಳ್ಳಾರಿ ರಾಘವರ ಊರಿನೋರು ನಾವು, ನಮ್ಮ ರಾಘವ ಕಲಾಮಂದಿರದಲ್ಲೂ ಇದು ಬಂದ್ರೆ ಎಷ್ಟು ಚಲೋ. ಬೆಂಗಳೂರಿನ ಟ್ರಾಫಿಕ್ ಲೆಕ್ಕ ಹಾಕಿ ಒಂದು ತಾಸು ಮೊದ್ಲೇ ಹೋಗಿ ಅಲ್ಲೇ ಕ್ಯಾಂಟೀನಲ್ಲಿ ಕಾಫಿ ಕುಡೀತಾ ಕೂತ್ಕೊಳ್ರಿ.

ಪ್ರಶ್ನೆ: ಆನ್‌ಲೈನ್‌ನ್ಯಾಗ ಫುಡ್ ಟೂರ್ ಅಂತ ತೋರಸ್ತಾರ್ರಿ, ಒಬ್ಬೊಬ್ಬರಿಗೆ ಸಾವಿರಗಟ್ಲೆ ಕೇಳ್ತಾರ. ನಾವು ಗಂಡ ಹೆಂಡ್ತಿ, ಇಬ್ರು ಮಕ್ಕಳು. ಕೊಡಬೇಕೋ ಬ್ಯಾಡೋ? ಮತ್ತ ಬೆಂಗಳೂರು ಸಾಂಬಾರ್ ಸಿಹಿ ಇರ್ತೈತಿ, ನಮ್ಮ ನಾಲಿಗಿಗೆ ಹತ್ತೂದಿಲ್ಲ.
— ಕೊಪ್ಪಳದಿಂದ

ಉತ್ತರ: ಬಸವನಗುಡಿ ಕಡೆಗಾದ್ರೆ ದುಡ್ಡು ಕೊಡೋದು ಬೇಡ ಅಣ್ಣಾರೆ, ನೀವೇ ಮಾಡ್ಕೋಬಹುದು. ಬೆಳಿಗ್ಗೆ ಬೇಗ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗ್ರಿ, ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಇಷ್ಟೇ, ನಿಂತ್ಕೊಂಡೇ ತಿನ್ನೋದು. ನಿಮಗೆ ಸಿಹಿ ಸಾಂಬಾರಿನ ಭಯ ಬೇಡ, ಅಲ್ಲಿ ಸಾಂಬಾರೇ ಕೊಡಲ್ಲ, ಚಟ್ನಿ ಮಾತ್ರ, ಆ ಚಟ್ನಿಗೇ ಜನ ಬರೋದು. ಆಮೇಲೆ ಗಾಂಧಿಬಜಾರ್ ವಿದ್ಯಾರ್ಥಿ ಭವನ, 1943ರಿಂದ ಐತೆ, ಹೊರಗೆ ಗರಿ ಒಳಗೆ ಮೆತ್ತಗಿರೋ ದೋಸೆ, ಸಪ್ಲೈಯರು ಒಂದೇ ಕೈಮೇಲೆ ಹತ್ತಾರು ಪ್ಲೇಟು ಜೋಡಿಸ್ಕೊಂಡು ಬರೋದನ್ನ ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರೆ. ಲಾಲ್‌ಬಾಗ್ ರೋಡಿನ ಎಂಟಿಆರ್ ಶುರುವಾಗಿದ್ದು 1924ರಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ರವಾ ಇಡ್ಲಿ ಹುಟ್ಟಿದ್ದು ಇವರಲ್ಲೇ.

ರಜೆ ದಿನ ಮಾತ್ರ ನೋಡ್ಕೊಳ್ರಿ. ಬ್ರಾಹ್ಮಿನ್ಸ್ ಭಾನುವಾರ ಬಂದ್, ಎಂಟಿಆರ್ ಸೋಮವಾರ, ವಿದ್ಯಾರ್ಥಿ ಭವನ ಶುಕ್ರವಾರ. ಅಂದ್ರೆ ಮೂರೂ ಒಂದೇ ದಿನ ಬೇಕಂದ್ರೆ ಶನಿವಾರನೇ ಚಲೋ. ಮತ್ತೆ ಎಲ್ಲಾ ಕಡೆ ನಾಲ್ಕು ಜನಕ್ಕೆ ನಾಲ್ಕು ಪ್ಲೇಟ್ ಹೇಳ್ಬೇಡ್ರಿ, ಎರಡು ಹೇಳಿ ಹಂಚ್ಕೊಳ್ರಿ, ಇಲ್ಲಾಂದ್ರೆ ಎರಡನೇ ಹೋಟೆಲಿಗೇ ಹೊಟ್ಟೆ ತುಂಬಿ ಮಕ್ಕಳು ನಿದ್ದೆ ಹತ್ತಿ ಅಳ್ತಾವೆ. ಮಧ್ಯಾಹ್ನ ಲಾಲ್‌ಬಾಗಿನ ಮರದ ಕೆಳಗೆ ಕಳೀರಿ, ಸಂಜೆ ಸಜ್ಜನ್‌ರಾವ್ ಸರ್ಕಲ್ ಹತ್ರ ವಿ.ವಿ. ಪುರಂ ತಿಂಡಿ ಬೀದಿ, ಬಿಸಿ ಹೋಳಿಗೆ ತುಪ್ಪ, ಅವರೆ ಸೀಸನ್ನಲ್ಲಿ ಹೋದ್ರೆ ಹಿತಕಿದ ಅವರೆಬೇಳೆದು ದೋಸೆ, ಉಪ್ಪಿಟ್ಟು, ಏನೆಲ್ಲಾ ಮಾಡ್ತಾರೆ. ಮಿರ್ಚಿ ಬಜ್ಜಿ ಅಲ್ಲೂ ಸಿಗ್ತೈತೆ ಆದ್ರೆ ಅದಕ್ಕೆ ದುಡ್ಡು ಹಾಕ್ಬೇಡ್ರಿ, ನಮ್ಮ ಒಗ್ಗರಣೆ ಮಿರ್ಚಿ ತಿಂದಿರೋ ಬಾಯಿಗೆ ಅದು ಸಪ್ಪೆ.

ದುಡ್ಡು ಕೊಟ್ಟು ಟೂರ್ ಮಾಡೋದು ಯಾವಾಗ ಲಾಭ ಅಂದ್ರೆ, ಹಳೇ ಪೇಟೆ ಗಲ್ಲಿಗಳು, ಶಿವಾಜಿನಗರ, ರಂಜಾನ್ ಹೊತ್ತಿನ ಫ್ರೇಜರ್ ಟೌನ್ ಇಂಥ ಕಡೆ. ಅಲ್ಲಿ ಯಾವ ಅಂಗಡಿ, ಯಾವ ಹೊತ್ತಿಗೆ ಒಲೆ ಮೇಲಿಂದ ಇಳಿಸ್ತಾರೆ ಅನ್ನೋದು ಗೊತ್ತಿರೋರೇ ಕರ್ಕೊಂಡು ಹೋಗ್ಬೇಕು. ಕರ್ಕೊಂಡು ಹೋಗೋರು ಆ ಏರಿಯಾದವರೇನಾ, ತಿಂಡಿ ಖರ್ಚು ಅದರಲ್ಲೇ ಸೇರೈತಾ, ಎಷ್ಟು ಜನ ಒಂದು ಗುಂಪಲ್ಲಿ ಅಂತ ಮೂರು ಪ್ರಶ್ನೆ ಕೇಳಿ ಆಮೇಲೆ ಪೇ ಮಾಡ್ರಿ. ಹದಿನೈದಿಪ್ಪತ್ತು ಜನರ ಗುಂಪಂದ್ರೆ ಬೇಡ.

ಪ್ರಶ್ನೆ: ಎಲ್ಲರೂ ಬೆಂಗಳೂರು ಬೆಂಗಳೂರು ಅಂತೀರಿ, ನಮ್ಮ ರಾಯಚೂರಿಗೆ ಹೈದರಾಬಾದೇ ಹತ್ರ. ಒಂದು ಭಾನುವಾರ ಹೋಗಿ ಬರೋ ಹಂಗ ಏನರ ಹೇಳ್ರಿ.
— ರಾಯಚೂರಿನ ಬ್ಯಾಂಕ್ ಉದ್ಯೋಗಿ

ಉತ್ತರ: ನೀವು ಹೇಳೋದು ಖರೇ, 1956ರ ತನಕ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು, ಆ ಊರಿನ ರುಚಿ ನಿಮಗೆ ಹೊಸದಲ್ಲ. ಬಸ್ಸು ಹೈದರಾಬಾದಿನ ಎಂಜಿಬಿಎಸ್ ಬಸ್‌ಸ್ಟ್ಯಾಂಡಿಗೆ ಬಿಡ್ತೈತೆ, ಅಲ್ಲಿಂದ ಚಾರ್‌ಮಿನಾರ್ ಆಟೋದಲ್ಲಿ ಹತ್ರನೇ. ಬೆಳಿಗ್ಗೆ ಜನ ಸೇರೋಕಿಂತ ಮೊದ್ಲು ಹೋಗಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತಗೊಂಡು 1591ರ ಆ ಕಟ್ಟಡನ ನೋಡ್ತಾ ನಿಂತ್ಕೊಳ್ರಿ. ಅದಾದ್ಮೇಲೆ ಸಾಲಾರ್‌ಜಂಗ್ ಮ್ಯೂಸಿಯಂ, ಅದಕ್ಕೆ ಶುಕ್ರವಾರ ರಜೆ, ನಿಮಗೆ ಭಾನುವಾರ ತೊಂದ್ರೆ ಇಲ್ಲ. ಪುಸ್ತಕ ಹುಚ್ಚಿದ್ರೆ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡಿರ್ತಾರೆ. ಜನವರಿ 1ರಿಂದ ಫೆಬ್ರವರಿ ನಡುವಿನವರೆಗೆ ನಾಂಪಲ್ಲಿಯಲ್ಲಿ ನುಮಾಯಿಶ್ ಎಕ್ಸಿಬಿಷನ್ ಇರ್ತೈತೆ, ಸಾಯಂಕಾಲ ಅಲ್ಲಿಗೆ ಹೋದ್ರೆ ತಿನ್ನೋದು, ಕೊಳ್ಳೋದು, ಮಕ್ಕಳ ಆಟ ಎಲ್ಲಾ ಒಂದೇ ಕಡೆ ಮುಗೀತೈತೆ. ಮಾಂಸ, ಗೋಧಿ ಒಟ್ಟಿಗೆ ಬೇಯಿಸಿ ಮಾಡೋ ಹಲೀಮ್ ಬೇಕಂದ್ರೆ ರಂಜಾನ್ ತಿಂಗಳಲ್ಲೇ ಹೋಗ್ರಿ, ಆಗ ಊರೆಲ್ಲಾ ಅದನ್ನ ಬೇಯಿಸೋ ದೊಡ್ಡ ಒಲೆ ಹಾಕಿರ್ತಾರೆ.

ಪ್ರಶ್ನೆ: ಬೆಂಗಳೂರಲ್ಲಿ ದುಡ್ಡು ಖರ್ಚಿಲ್ಲದೆ ಮಕ್ಕಳಿಗೆ ಏನು ತೋರಿಸ್ಬಹುದು?
— ಸಿರುಗುಪ್ಪದ ಗೃಹಿಣಿ

ಉತ್ತರ: ಕಬ್ಬನ್ ಪಾರ್ಕು, ಅದರ ಪಕ್ಕದಲ್ಲೇ ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಂ, ಟಿಕೆಟ್ ಸ್ವಲ್ಪ ಐತೆ ಆದ್ರೆ ಅರ್ಧ ದಿನ ಮಕ್ಕಳು ಹೊರಗೆ ಬರಲ್ಲ. ನೆಹರೂ ತಾರಾಲಯದಲ್ಲಿ ಕನ್ನಡದಲ್ಲೂ ಶೋ ಇರ್ತಾವೆ, ಸೋಮವಾರ ರಜೆ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, ಇವೆರಡಕ್ಕೂ ಒಂದು ರೂಪಾಯಿ ಟಿಕೆಟ್ ಇಲ್ಲ ಅಮ್ಮಾ. ಚಿತ್ರಸಂತೆಯಲ್ಲಿ ರೋಡ್ ಮೇಲೇ ಕಲಾವಿದರು ಕೂತು ಬರೀತಿರ್ತಾರೆ, ಮಕ್ಕಳನ್ನ ಅವರ ಪಕ್ಕ ನಿಲ್ಲಿಸಿ ಮಾತಾಡ್ಸಿ, ಬೇಜಾರು ಮಾಡ್ಕೊಳ್ಳಲ್ಲ.

ಪ್ರಶ್ನೆ: ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೋದ್ರೆ ಬೆಳಿಗ್ಗೆ ಬೇಗ ಇಳೀತೀವಿ, ಸಂಜೆ ಕಾರ್ಯಕ್ರಮ, ರಾತ್ರಿ ವಾಪಸ್. ಒಂದು ದಿನಕ್ಕೆ ಲಾಡ್ಜ್ ಮಾಡ್ಬೇಕಾ?
— ಬಳ್ಳಾರಿ, ಕೌಲ್ ಬಜಾರ್

ಉತ್ತರ: ಬೇಕಿಲ್ಲ. ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಲ್ಲೇ ರಿಟೈರಿಂಗ್ ರೂಮು, ಡಾರ್ಮಿಟರಿ ಅದಾವೆ, ನಿಮ್ಮ ಟಿಕೆಟ್ಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡ್ಕೋಬಹುದು, ಹಬ್ಬದ ದಿನಗಳಲ್ಲಿ ಮಾತ್ರ ಬೇಗ ತುಂಬ್ತಾವೆ. ಸ್ನಾನ ಮುಗಿಸಿ ಬ್ಯಾಗನ್ನ ಕ್ಲೋಕ್ ರೂಮಲ್ಲಿ ಇಡ್ರಿ, ಬ್ಯಾಗಿಗೆ ಬೀಗ ಇರ್ಲೇಬೇಕು, ಇಲ್ಲಾಂದ್ರೆ ತಗೊಳ್ಳಲ್ಲ. ರಾತ್ರಿ ಟ್ರೈನಿಗೆ ಒಂದು ತಾಸು ಮೊದ್ಲು ಬಂದು ಬ್ಯಾಗ್ ಬಿಡಿಸ್ಕೊಳ್ರಿ, ಆ ಹೊತ್ತಿಗೆ ಅಲ್ಲೂ ಕ್ಯೂ ಇರ್ತೈತೆ.