ಒಂದೇ ಸಿಂಥ್‌ನಲ್ಲಿ ಚೆಂಡೆ, ಮದ್ದಳೆ, ತಂಬೂರಿ: ಬದಿಯಡ್ಕದಿಂದ ಬಂದ ಪ್ರಶ್ನೆಗೆ ಉತ್ತರ

ನಮಸ್ಕಾರ. ಬದಿಯಡ್ಕದ ವಿದ್ಯಾರ್ಥಿ ಮಿತ್ರರು ನಿನ್ನೆ ಇಲ್ಲಿ ಕೇಳಿದ್ದು ಇಷ್ಟು: 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್, ಟ್ರ್ಯಾಕ್‌ಗಳನ್ನು ಜೋಡಿಸುವ ರೀಪರ್ ತಂತ್ರಾಂಶ, ಸರ್ಜ್ ಎಕ್ಸ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಸಿಂಥ್ (ಧ್ವನಿಯನ್ನು ತಾನೇ ಹುಟ್ಟಿಸುವ ಸಿಂಥಸೈಜರ್), ಇವಿಷ್ಟೇ ಕೈಯಲ್ಲಿರುವಾಗ ಸ್ಯಾಂಪಲ್ ಪ್ಯಾಕ್ (ಮೊದಲೇ ಮುದ್ರಿಸಿಟ್ಟ ವಾದ್ಯಧ್ವನಿಗಳ ಕಟ್ಟು) ಕೊಳ್ಳದೆ, ಮೈಕ್ ಇಲ್ಲದೆ, ತಾಳವಾದ್ಯ, ಶ್ರುತಿ, ರಾಗ ಎಲ್ಲವನ್ನೂ ಆ ಒಂದು ಸಿಂಥ್‌ನಲ್ಲೇ ಮಾಡಬಹುದೆ, ಮಾಡಬಹುದಾದರೆ ತಾವು ಮಾಡಿದ್ದು ಏಕೆ ಕಲಸುಮೇಲೋಗರವಾಗಿ ಕೇಳುತ್ತದೆ? ನೀವು ಜೊತೆಗೆ ಹಾಕಿದ ಮೂರು ನಿಮಿಷದ ತುಣುಕನ್ನು ಹೆಡ್‌ಫೋನ್‌ನಲ್ಲಿ ನಾಲ್ಕು ಸಲ ಕೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಾಡಬಹುದು. ನಾನು ಐದಾರು ಮಳೆಗಾಲಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ಅದರಲ್ಲಿ ವ್ರತನಿಷ್ಠೆಯೇನೂ ಇಲ್ಲ. ಪೆರ್ಲದ ಸಮೀಪದ ನಮ್ಮ ಮನೆಗೆ ಹಂಚಿನ ಮಾಡು. ಜೂನ್ ಹಿಡಿದ ಮೇಲೆ ಮೈಕ್ ಇಟ್ಟರೆ ಮೊದಲು ದಾಖಲಾಗುವುದು ಮಳೆ, ಮಳೆ ಬಿಟ್ಟರೆ ಕಪ್ಪೆ. ಒಂದು ವರ್ಷ ಮದ್ದಳೆ ನುಡಿಸುವ ನೆರೆಯವರನ್ನು ಚಾವಡಿಯಲ್ಲಿ ಕೂರಿಸಿ ಎರಡು ಸಂಜೆ ಧ್ವನಿಮುದ್ರಣ ಮಾಡಿದೆ. ಉಪಯೋಗಕ್ಕೆ ಬಂದದ್ದು ಹನ್ನೊಂದು ಸೆಕೆಂಡು. ಅದೇ ವರ್ಷ ತುಲಾ ತಿಂಗಳ ಸಿಡಿಲಿಗೆ ಆಡಿಯೊ ಇಂಟರ್‌ಫೇಸ್ ಸುಟ್ಟುಹೋಯಿತು. ಆಮೇಲೆ ಉಳಿದದ್ದು ಲ್ಯಾಪ್‌ಟಾಪ್ ಮತ್ತು ಅದರೊಳಗಿನ ಸಿಂಥ್ ಮಾತ್ರ.

ಒಂದೇ ಸಿಂಥ್‌ನಿಂದ ಏನಾದೀತು ಎಂಬ ಅನುಮಾನ ನಿಮ್ಮದೊಬ್ಬರದಲ್ಲ. ವೆಂಡಿ ಕಾರ್ಲೋಸ್ ಅವರು 1968ರಲ್ಲಿ ಬಾಖ್‌ನ ರಚನೆಗಳನ್ನು ಮೂಗ್ ಸಿಂಥಸೈಜರ್‌ನಲ್ಲಿ ನುಡಿಸಿ ಪ್ರಕಟಿಸಿದಾಗ ಆ ಯಂತ್ರದಿಂದ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತಿತ್ತು. ಒಂದೊಂದು ಎಳೆಯನ್ನೂ ಬೇರೆಯಾಗಿ ನುಡಿಸಿ, ಎಂಟು ಟ್ರ್ಯಾಕ್‌ಗಳ ಟೇಪಿನಲ್ಲಿ ಪದರ ಪದರವಾಗಿ ಸೇರಿಸಿದ್ದರು. ನಿಮ್ಮ ಸಿಂಥ್ ಅದಕ್ಕಿಂತ ಎಷ್ಟೋ ಸಮರ್ಥವಾದುದು. ಮೊದಲು ಹಣಕ್ಕೆ ಮಾರುತ್ತಿದ್ದ ಸರ್ಜ್ ಅನ್ನು 2018ರಲ್ಲಿ ಅದರ ಕರ್ತೃವೇ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಈಗಿನ ಎಕ್ಸ್‌ಟಿ ರೂಪದಲ್ಲಿ ಎರಡು ಸೀನ್‌ಗಳಿವೆ, ಎಂದರೆ ಒಂದರೊಳಗೆ ಎರಡು ಸಿಂಥ್ ಇದ್ದ ಹಾಗೆ. ಒಂದೊಂದು ಸೀನ್‌ಗೆ ಮೂರು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ), ಒಂದು ನಾಯ್ಸ್ ಮೂಲ (ಸ್ವರವಿಲ್ಲದ ‘ಸ್ಸ್’ ಎಂಬ ಸದ್ದು) ಮತ್ತು ಎರಡು ಫಿಲ್ಟರ್ (ಧ್ವನಿಯ ಒಂದು ಭಾಗವನ್ನು ಸೋಸುವಂಥದ್ದು) ಇವೆ.

ನಿಮ್ಮ ತುಣುಕು ಕಲಸಿಹೋಗಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ಐದು ಟ್ರ್ಯಾಕ್‌ಗಳಿಗೂ ಪ್ರಿಸೆಟ್‌ಗಳನ್ನು, ಅಂದರೆ ಸಿಂಥ್ ಜೊತೆ ಬರುವ ಸಿದ್ಧ ಧ್ವನಿಗಳನ್ನು, ಹಾಕಿದ್ದೀರಿ. ಒಂದು ಕೀ ಒತ್ತಿದ ಕೂಡಲೇ ಕೇಳುವವರು ಬೆರಗಾಗಬೇಕೆಂದು ಪ್ರಿಸೆಟ್ ಮಾಡುವವರು ಅದರೊಳಗೆ ತಗ್ಗು, ನಡು, ಮೇಲು ಎಲ್ಲವನ್ನೂ ತುಂಬಿ, ಯುನಿಸನ್ (ಒಂದೇ ಸ್ವರದ ಹಲವು ಪ್ರತಿಗಳು) ಹಚ್ಚಿ, ಮೇಲಿಂದ ರಿವರ್ಬ್ (ದೊಡ್ಡ ಕೋಣೆಯ ಅನುರಣನ) ಸುರಿದಿರುತ್ತಾರೆ. ಅಂಥ ಐದನ್ನು ಒಟ್ಟಿಗೆ ನುಡಿಸುವುದೆಂದರೆ, ಭಾಗವತರು ಕರುಣರಸದ ಪದ ಎತ್ತಿಕೊಂಡಾಗಲೂ ಚೆಂಡೆಯವರು ಯುದ್ಧದ ಪದಕ್ಕೆ ಬಾರಿಸುವಂತೆ ಬಾರಿಸುತ್ತ ಕೂತ ಹಾಗೆ. ಆದ್ದರಿಂದ ಎಲ್ಲ ಪ್ರಿಸೆಟ್‌ಗಳನ್ನೂ ತೆಗೆದು, ಟೆಂಪ್ಲೇಟ್‌ಗಳಲ್ಲಿರುವ ‘ಇನಿಟ್ ಸೈನ್’ ತೆರೆದು ಅಲ್ಲಿಂದ ಹೊರಡಿ. ಒಂಟಿಯಾಗಿ ಕೇಳಿದಾಗ ಬಡಕಲು ಎನಿಸುವ ಧ್ವನಿಯೇ ಕೂಟದಲ್ಲಿ ಸರಿಯಾಗಿ ಕೂರುತ್ತದೆ. ಮೊದಮೊದಲು ಇದನ್ನು ನಂಬುವುದು ಕಷ್ಟ.

ತಾಳವಾದ್ಯಗಳಿಂದ ಆರಂಭಿಸಿ, ಏಕೆಂದರೆ ಸ್ಯಾಂಪಲ್ ಇಲ್ಲದೆ ಆಗದು ಎಂದು ಎಲ್ಲರೂ ಹೇಳುವುದು ಇವನ್ನೇ. ನಿಮ್ಮ ತುಣುಕಿನಲ್ಲಿ ಚೆಂಡೆಯೆಂದು ಬಳಸಿದ ಧ್ವನಿ ಪಾಶ್ಚಾತ್ಯ ಡ್ರಮ್ ಸೆಟ್ಟಿನ ಟಾಮ್‌ನಂತೆ ಕೇಳುತ್ತದೆ, ಅದರಲ್ಲಿ ಚೆಂಡೆಯ ಬಿರುಸಿಲ್ಲ. ಬಿಗಿದ ಚರ್ಮವನ್ನು ಹೊಡೆದಾಗ ಹೊರಡುವ ಕಂಪನಗಳು ತಂತಿಯ ಹಾಗೆ 1, 2, 3 ಎಂಬ ಪೂರ್ಣಾಂಕಗಳಲ್ಲಿ ಬರುವುದಿಲ್ಲ. ಎಲ್ಲೆಡೆ ಒಂದೇ ದಪ್ಪವಿರುವ ದುಂಡು ಚರ್ಮಕ್ಕೆ ಲೆಕ್ಕ ಹಾಕಿದರೆ ಅವು 1, 1.59, 2.14 ಎಂಬ ಪ್ರಮಾಣದಲ್ಲಿರುತ್ತವೆ. ಸೆಮಿಟೋನ್‌ಗೆ (ಕೀಬೋರ್ಡಿನ ಒಂದು ಕೀಗೂ ಅದರ ಪಕ್ಕದ ಕೀಗೂ ಇರುವ ಅಂತರ) ತಿರುಗಿಸಿದರೆ ಎರಡನೆಯದು ಮೊದಲನೆಯದಕ್ಕಿಂತ ಸುಮಾರು 8, ಮೂರನೆಯದು ಸುಮಾರು 13 ಸೆಮಿಟೋನ್ ಮೇಲೆ. ನಿಜವಾದ ಚೆಂಡೆಯಲ್ಲಿ ಒಳಗಿನ ಗಾಳಿ, ಮರದ ಒಡಲು, ಚರ್ಮದ ಪದರಗಳು ಇದನ್ನು ಸ್ವಲ್ಪ ಸರಿಸುತ್ತವೆ, ಆದರೆ ಆರಂಭಕ್ಕೆ ಈ ಲೆಕ್ಕ ಸಾಕು.

ಮೂರು ಆಸಿಲೇಟರ್‌ಗಳನ್ನೂ ಸೈನ್‌ಗೆ, ಅಂದರೆ ಮೇಲ್‌ಸ್ವರಗಳಿಲ್ಲದ ಸರಳ ಅಲೆಗೆ, ಇಡಿ. ಮೊದಲನೆಯದು ಇದ್ದಲ್ಲೇ ಇರಲಿ. ಎರಡನೆಯದನ್ನು ಒಂದು ಆಕ್ಟೇವ್ ಏರಿಸಿ ನಾಲ್ಕು ಸೆಮಿಟೋನ್ ಇಳಿಸಿ. ಮೂರನೆಯದನ್ನು ಒಂದು ಆಕ್ಟೇವ್ ಏರಿಸಿ ಇನ್ನೊಂದು ಸೆಮಿಟೋನ್ ಏರಿಸಿ. ಸದ್ದು ಏರಿ ಇಳಿಯುವ ರೀತಿಯನ್ನು ತೀರ್ಮಾನಿಸುವ ಆಂಪ್ಲಿಟ್ಯೂಡ್ ಎನ್ವಲಪ್‌ನಲ್ಲಿ ಅಟ್ಯಾಕ್ (ಏರುವ ಸಮಯ) ಸೊನ್ನೆ, ಸಸ್ಟೇನ್ (ಉಳಿಯುವ ಮಟ್ಟ) ಸೊನ್ನೆ, ಡಿಕೇ (ಇಳಿಯುವ ಸಮಯ) 250 ಮಿಲಿಸೆಕೆಂಡ್ ಆಸುಪಾಸು ಇರಲಿ. ಮೇಲಿನ ಕಂಪನಗಳು ಬೇಗ ಅಡಗಬೇಕಾದ ಕಾರಣ, ಒಂದು ಎಲ್‌ಎಫ್‌ಒವನ್ನು (ಬೇರೆ ನಿಯಂತ್ರಣಗಳನ್ನು ಏರಿಳಿಸುವ ನಿಧಾನದ ಅಲೆ) ಎನ್ವಲಪ್ ಆಕಾರಕ್ಕೆ ತಿರುಗಿಸಿ, ಎರಡನೆಯ ಮತ್ತು ಮೂರನೆಯ ಆಸಿಲೇಟರ್‌ಗಳ ಮಟ್ಟವನ್ನು ಅದಕ್ಕೆ ಜೋಡಿಸಿ 80 ಮಿಲಿಸೆಕೆಂಡ್‌ನೊಳಗೆ ಇಳಿಯುವಂತೆ ಮಾಡಿ. ಕೋಲು ತಾಗುವ ‘ಚಟ್’ ಎಂಬ ಸದ್ದಿಗೆ ನಾಯ್ಸ್ ಮೂಲವನ್ನು 10 ಮಿಲಿಸೆಕೆಂಡ್ ಮಾತ್ರ ತೆರೆಯಿರಿ. ಇದನ್ನು ಮರೆತರೆ ಚೆಂಡೆ ಬಟ್ಟೆ ಹೊದ್ದುಕೊಂಡಂತೆ ಕೇಳುತ್ತದೆ. ಜೋರಾಗಿ ಹೊಡೆದಾಗ ಚರ್ಮ ಒಂದು ಕ್ಷಣ ಬಿಗಿದು ಸ್ವರ ಕೊಂಚ ಏರುವುದರಿಂದ, 30 ಮಿಲಿಸೆಕೆಂಡ್‌ನಲ್ಲಿ ಒಂದು ಸೆಮಿಟೋನ್ ಇಳಿಯುವ ಪಿಚ್ ಎನ್ವಲಪ್ ಸೇರಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಡಿಸ್ಕೊ ಡ್ರಮ್ ಆಗುತ್ತದೆ.

ಉರುಳಿಕೆಯ ವಿಷಯ ಬೇರೆ. ಒಂದೇ ಧ್ವನಿ ಸೆಕೆಂಡಿಗೆ ಹತ್ತು ಹನ್ನೆರಡು ಸಲ ಬಂದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ, ನಿಮ್ಮಲ್ಲಿ ಆಗಿರುವುದೂ ಅದೇ. ಸರ್ಜ್‌ನ ಮಾಡ್ಯುಲೇಶನ್ ಮೂಲಗಳಲ್ಲಿ ‘ಆಲ್ಟರ್ನೇಟ್’ ಎಂಬುದೊಂದಿದೆ: ಒಂದು ಸ್ವರಕ್ಕೆ ಮೇಲೆ, ಮುಂದಿನದಕ್ಕೆ ಕೆಳಗೆ ಎಂದು ಬೆಲೆ ಬದಲಾಯಿಸುತ್ತ ಹೋಗುತ್ತದೆ. ಅದನ್ನು ಮೂರನೆಯ ಆಸಿಲೇಟರ್‌ನ ಮಟ್ಟಕ್ಕೂ ನಾಯ್ಸ್‌ನ ಬಣ್ಣಕ್ಕೂ ಅತಿ ಸ್ವಲ್ಪ ಜೋಡಿಸಿದರೆ ಬಲಗೈ, ಎಡಗೈ ಎಂಬ ಭೇದ ತಾನಾಗಿ ಹುಟ್ಟುತ್ತದೆ. ಜೊತೆಗೆ ‘ರ‍್ಯಾಂಡಮ್’ ಅನ್ನು ಪಿಚ್‌ಗೆ ಐದಾರು ಸೆಂಟ್‌ನಷ್ಟು (ಒಂದು ಸೆಮಿಟೋನ್‌ಗೆ ನೂರು ಸೆಂಟ್) ಕೊಡಿ. ವೆಲಾಸಿಟಿಯನ್ನು (ಕೀ ಒತ್ತಿದ ಬಿರುಸು) ಧ್ವನಿಯ ಪ್ರಮಾಣಕ್ಕಷ್ಟೇ ಜೋಡಿಸದೆ ಮೇಲಿನ ಎರಡು ಆಸಿಲೇಟರ್‌ಗಳಿಗೂ ಜೋಡಿಸಿ, ಏಕೆಂದರೆ ಜೋರಾದ ಪೆಟ್ಟು ದೊಡ್ಡದಾಗಿ ಕೇಳುವುದರ ಜೊತೆಗೆ ಹರಿತವಾಗಿಯೂ ಕೇಳಬೇಕು.

ಮದ್ದಳೆಗೆ ಇದೇ ಪ್ಯಾಚನ್ನು (ಹೀಗೆ ಹೊಂದಿಸಿಟ್ಟ ಧ್ವನಿ) ಉಳಿಸಿಕೊಂಡು ಕೆಲವೇ ಅಂಕಿಗಳನ್ನು ಬದಲಿಸಿದರೆ ಸಾಕು, ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಮೃದಂಗ ಮತ್ತು ತಬಲಾದ ಚರ್ಮದ ಮೇಲೆ ಮೆತ್ತುವ ಕಪ್ಪು ಕರಣೆಯ ಭಾರದಿಂದಾಗಿ ಅವುಗಳ ಕಂಪನಗಳು ತಂತಿಯಂತೆ ಪೂರ್ಣಾಂಕಗಳಿಗೆ ಹತ್ತಿರ ಬರುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಸಹಲೇಖಕರೊಬ್ಬರೊಡನೆ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಮದ್ದಳೆಯ ಬಲ ಮುಚ್ಚಿಗೆಗೂ ಕರಣೆ ಇದೆ, ಅದನ್ನು ಶ್ರುತಿಗೆ ಸೇರಿಸಲು ಆಗುವುದೂ ಆ ಕಾರಣದಿಂದಲೇ. ಆದ್ದರಿಂದ 8 ಮತ್ತು 13 ಸೆಮಿಟೋನ್‌ಗಳ ಬದಲು ಎರಡನೆಯ ಆಸಿಲೇಟರ್ ಅನ್ನು 12ಕ್ಕೆ, ಮೂರನೆಯದನ್ನು 19ಕ್ಕೆ ಇಟ್ಟು, ಡಿಕೇಯನ್ನು 600 ಮಿಲಿಸೆಕೆಂಡ್‌ವರೆಗೆ ಏರಿಸಿ, ನಾಯ್ಸ್ ಅನ್ನು ಬಹುಪಾಲು ತಗ್ಗಿಸಿ, ಭಾಗವತರ ಷಡ್ಜವನ್ನೇ ಒತ್ತಿ ನೋಡಿ. ಒಂದು ಕ್ಷಣದ ಹಿಂದೆ ಚೆಂಡೆಯಾಗಿದ್ದುದು ‘ನಂ’ ಎನ್ನುತ್ತದೆ. ಎಡ ಮುಚ್ಚಿಗೆಗೆ ಮಾತ್ರ ಬೇರೆ ಪ್ಯಾಚ್ ಬೇಕು; ತಗ್ಗಿನ ಒಂದು ಸೈನ್ ಸಾಕು, ಪಿಚ್ ಬೆಂಡ್‌ನಿಂದ ಅಂಗೈ ಒತ್ತಿದಂತೆ ಎಳೆಯಿರಿ.

ತಂಬೂರಿಗೆ ‘ಸ್ಟ್ರಿಂಗ್’ ಎಂಬ ಆಸಿಲೇಟರ್ ಇದೆ. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ ವಿಧಾನದ ಬಳಗಕ್ಕೆ ಸೇರಿದ್ದು ಇದು: ಒಂದು ಗಳಿಗೆಯ ಸದ್ದನ್ನು ಚಿಕ್ಕದೊಂದು ವಿಳಂಬದೊಳಗೆ ಸುತ್ತಲು ಬಿಟ್ಟು, ಪ್ರತಿ ಸುತ್ತಿಗೂ ಅದರ ಹರಿತವನ್ನು ಸ್ವಲ್ಪ ಸವೆಸಿದರೆ ಮೀಟಿದ ತಂತಿಯ ಧ್ವನಿ ಬರುತ್ತದೆ. ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಷಡ್ಜ 138.6 ಹರ್ಟ್ಸ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ 44,100 ಸ್ಯಾಂಪಲ್‌ಗಳಲ್ಲಿ (ಇಲ್ಲಿ ಸ್ಯಾಂಪಲ್ ಎಂದರೆ ಅಲೆಯ ಒಂದೊಂದು ಅಳತೆ) ಆ ವಿಳಂಬ ಸುಮಾರು 318 ಸ್ಯಾಂಪಲ್‌ನಷ್ಟು ಉದ್ದ. ಆದರೆ ಇದರಿಂದ ಬರುವುದು ಬರಿಯ ತಂತಿ. ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ನೂಲಿನಿಂದ ಮೇಲ್‌ಸ್ವರಗಳು ಒಂದೊಂದಾಗಿ ಅರಳುವ ಗುಣ ಅದರಲ್ಲಿಲ್ಲ. ಅದಕ್ಕಾಗಿ ಇನ್ನೊಂದು ಆಸಿಲೇಟರ್‌ನಲ್ಲಿ ಗರಗಸದ ಹಲ್ಲಿನಾಕಾರದ ‘ಸಾ’ (saw) ಅಲೆಯನ್ನು ಮೆಲ್ಲಗೆ ಸೇರಿಸಿ, ರೆಸನೆನ್ಸ್ ಹೆಚ್ಚಿಸಿದ ಬ್ಯಾಂಡ್‌ಪಾಸ್ ಫಿಲ್ಟರ್ (ಒಂದು ಕಿರಿದಾದ ಭಾಗವನ್ನಷ್ಟೇ ಎತ್ತಿ ಕೇಳಿಸುವಂಥದ್ದು) ಎರಡು ಸೆಕೆಂಡ್‌ಗಳಲ್ಲಿ ಮೇಲಿನಿಂದ ಕೆಳಗೆ ಜಾರುವಂತೆ ಮಾಡಿ.

ಇಲ್ಲಿಯೇ ಶ್ರುತಿಯ ಮಾತು ಬರುತ್ತದೆ. ಕೀಬೋರ್ಡಿನ ಪಂಚಮ 700 ಸೆಂಟ್, ಶುದ್ಧ ಪಂಚಮ 702. ಎರಡು ಸೆಂಟ್ ಏನು ಮಹಾ ಎನಿಸಬಹುದು. ಆದರೆ ಕಪ್ಪು ಒಂದರ ಶ್ರುತಿಯಲ್ಲಿ ಷಡ್ಜದ ಮೂರನೆಯ ಮೇಲ್‌ಸ್ವರಕ್ಕೂ ಪಂಚಮದ ಎರಡನೆಯದಕ್ಕೂ ಅರ್ಧ ಹರ್ಟ್ಸ್‌ನಷ್ಟು ಅಂತರ ಉಳಿದು, ಎರಡು ಸೆಕೆಂಡಿಗೊಮ್ಮೆ ತಂಬೂರಿ ಉಬ್ಬಿ ತಗ್ಗುತ್ತದೆ. ಪಂಚಮವನ್ನು ಬೇರೆ ಟ್ರ್ಯಾಕ್‌ನಲ್ಲಿಟ್ಟು ಎರಡು ಸೆಂಟ್ ಏರಿಸಿದರೆ ಆ ಅಲೆ ನಿಲ್ಲುತ್ತದೆ. ಅಂತರ ಗಾಂಧಾರದಲ್ಲಿ ವ್ಯತ್ಯಾಸ 14 ಸೆಂಟ್, ಅದು ಯಾರ ಕಿವಿಗೂ ತಿಳಿಯುತ್ತದೆ. ಇಡೀ ಮೇಳವನ್ನು ಶುದ್ಧ ಸ್ವರಗಳಿಗೆ ಹೊಂದಿಸಬೇಕೆಂದಿದ್ದರೆ ಸರ್ಜ್ ಸ್ಕಾಲಾ ಫೈಲುಗಳನ್ನು (ಸ್ವರಸ್ಥಾನಗಳನ್ನು ಬರೆದಿಡುವ ಫೈಲು) ಓದುತ್ತದೆ.

ರಾಗದ ಎಳೆಗೆ ನೀವು ಎಲ್‌ಎಫ್‌ಒ ಹಚ್ಚಿದ್ದೀರಿ. ಅದನ್ನು ತೆಗೆಯಿರಿ, ಅದರಿಂದ ಬರುವುದು ಒಂದೇ ಸಮನಾದ ನಡುಕ, ಗಮಕವಲ್ಲ. ನೀವೇ ಆರಿಸಿದ ತೋಡಿಯ ಗಾಂಧಾರ ಋಷಭದಿಂದ ಮಧ್ಯಮದವರೆಗೆ ತೂಗುವ ಸ್ವರ. ಶುದ್ಧ ಋಷಭದ ಕೀಯನ್ನೇ ಒತ್ತಿ ಹಿಡಿದು, ಬೆಂಡ್ ವ್ಯಾಪ್ತಿಯನ್ನು 2ರಿಂದ 4 ಸೆಮಿಟೋನ್‌ಗೆ ಏರಿಸಿ, ರೀಪರ್‌ನ ಪಿಚ್ ಪಟ್ಟಿಯಲ್ಲಿ ಆ ತೂಗಾಟವನ್ನು ಕೈಯಿಂದಲೇ ಬರೆಯಿರಿ. ಮೊದಲ ತೂಗು ನಿಧಾನ, ಮುಂದಿನದು ಬೇಗ, ಒಂದಕ್ಕೊಂದು ಸಮವಾಗಿರಬಾರದು. ಹಾಡಿಕೊಳ್ಳುತ್ತ ಬರೆದರೆ ಸುಲಭ. ನಾಲ್ಕು ಆವರ್ತಕ್ಕೆ ನನಗೆ ಒಂದು ಸಂಜೆ ಹಿಡಿಯುತ್ತದೆ. ಇದಕ್ಕೆ ಅಡ್ಡದಾರಿ ಸಿಕ್ಕಿಲ್ಲ.

ಬಾಸ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹಿಮ್ಮೇಳದ ಧಾಟಿಯ ಸಂಗೀತಕ್ಕೆ ಅದು ಬೇಕೇ ಎಂದು ಮೊದಲು ಯೋಚಿಸಿ. ಬೇಕೆಂದರೆ ಒಂದೇ ಆಸಿಲೇಟರ್, ಮೋನೊ, ಯುನಿಸನ್ ಇಲ್ಲ. ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಧ್ವನಿ) ಉಳಿಸಿಕೊಳ್ಳುವುದಾದರೆ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಏಕೆಂದರೆ ಈಗ ಮದ್ದಳೆಯ ಎಡವನ್ನು ನುಂಗುತ್ತಿರುವುದು ಅದೇ. ರಿವರ್ಬ್ ಅನ್ನು ಎಲ್ಲ ಟ್ರ್ಯಾಕ್‌ಗಳಿಂದ ತೆಗೆದು, ಸರ್ಜ್ ಜೊತೆಗೇ ಬರುವ ‘ಸರ್ಜ್ ಎಕ್ಸ್‌ಟಿ ಎಫೆಕ್ಟ್ಸ್’ ಅನ್ನು ಒಂದೇ ಟ್ರ್ಯಾಕ್‌ನಲ್ಲಿಟ್ಟು ಉಳಿದವುಗಳಿಂದ ಸ್ವಲ್ಪ ಸ್ವಲ್ಪ ಅಲ್ಲಿಗೆ ಕಳುಹಿಸಿ.

ಲ್ಯಾಪ್‌ಟಾಪ್ ತಡೆಯುವುದಿಲ್ಲ ಎಂದಿದ್ದೀರಿ. ಪಾಲಿಫೊನಿಯ (ಒಟ್ಟಿಗೆ ನುಡಿಯುವ ಸ್ವರಗಳ) ಮಿತಿಯನ್ನು 16ರಿಂದ 4ಕ್ಕೆ ಇಳಿಸಿ, ಮುಗಿದ ಪ್ರತಿ ಟ್ರ್ಯಾಕನ್ನೂ ರೀಪರ್‌ನಲ್ಲಿ ಫ್ರೀಜ್ ಮಾಡಿ (ಸಿಂಥ್ ಓಡದಂತೆ ಆಡಿಯೊ ಆಗಿಸಿ) ಮುಂದಿನದಕ್ಕೆ ಹೋಗಿ. ಆಗ ಒಂದು ಸಲಕ್ಕೆ ಓಡುವುದು ಒಂದೇ ಸಿಂಥ್, 4 ಜಿಬಿ ಧಾರಾಳ ಸಾಕು. ನುಡಿಸುವಾಗ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಲೆಕ್ಕ ಹಾಕುವ ಧ್ವನಿಯ ತುಂಡು) 128 ಸ್ಯಾಂಪಲ್ ಇದ್ದರೆ ತಡ ಮೂರು ಮಿಲಿಸೆಕೆಂಡ್, ಅದು ಕೈಗೆ ತಿಳಿಯುವುದಿಲ್ಲ. ನುಡಿಸಿ ಮುಗಿದ ಮೇಲೆ 1024ಕ್ಕೆ ಏರಿಸಿ. ಗುಡುಗು ಕೇಳಿದ ಕೂಡಲೇ ಸೇವ್ ಮಾಡಿ ಚಾರ್ಜರ್ ಕಿತ್ತುಬಿಡಿ.

ಮುಂದಿನ ಸಲ ಒಟ್ಟಾದ ಎಂಪಿ3 ಹಾಕಬೇಡಿ. ಚೆಂಡೆ, ಮದ್ದಳೆ, ತಂಬೂರಿ ಮೂರನ್ನು ರಿವರ್ಬ್ ಇಲ್ಲದೆ ಬೇರೆ ಬೇರೆ ವೇವ್ ಫೈಲುಗಳಾಗಿ ಹಾಕಿ. ಯಾವುದು ಯಾವುದನ್ನು ಮುಚ್ಚುತ್ತಿದೆ ಎಂದು ಆಗ ಖಚಿತವಾಗಿ ಹೇಳಬಲ್ಲೆ. ನನ್ನ ಚೆಂಡೆಯ ಪ್ಯಾಚ್ ಬೇಕಾದರೆ ಕಳುಹಿಸುತ್ತೇನೆ, ಆದರೆ ನಿಮ್ಮದನ್ನು ಒಮ್ಮೆ ನೀವೇ ಮಾಡಿ ಕೇಳಿಸಿದ ಮೇಲೆ.