ಓದುಗರ ಪ್ರಶ್ನೆ: ಹೆಳವರ ಪುಸ್ತಕವೂ ಕಿವಿಯ ಮೂಳೆಯೂ

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಳೆಯ ಮೂಳೆಗಳಲ್ಲಿರುವ ಡಿಎನ್‌ಎಯಿಂದ ಜನರ ಇತಿಹಾಸವನ್ನು ತಿಳಿಯುವ ವಿಜ್ಞಾನಿಗಳ ಬಗ್ಗೆ ಓದಿದಾಗಿನಿಂದ ಅದೇ ಕೆಲಸ ಮಾಡಬೇಕೆಂಬ ಆಸೆಯಾಗಿದೆ. ಮನೆಯಲ್ಲಿ ಬಿ.ಎಡ್. ಮಾಡಿಕೊಂಡರೆ ಸಾಕು ಎನ್ನುತ್ತಾರೆ. ಆ ವಿಜ್ಞಾನಿಗಳು ದಿನವೂ ಮಾಡುವ ಕೆಲಸವೇನು, ಅದಕ್ಕೆ ಏನು ಓದಬೇಕು, ಅದರಿಂದ ಯಾರಿಗೆ ಪ್ರಯೋಜನ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈ ಕ್ಷೇತ್ರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಮುಖ್ಯರಾದ, 2022ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಡೆದ ಸ್ವೀಡನ್ನಿನ ಸ್ವಾಂಟೆ ಪಾಬೊ ಅವರ ವೃತ್ತಿಜೀವನವನ್ನು ಮೊದಲು ನೋಡಿರಿ. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಈಜಿಪ್ಟಿನ ಅಧ್ಯಯನವನ್ನೂ ವೈದ್ಯಕೀಯವನ್ನೂ ಕೈಗೆತ್ತಿಕೊಂಡಿದ್ದ ಅವರು, ಒಣಗಿದ ದೇಹದಲ್ಲಿ ಡಿಎನ್‌ಎ ಉಳಿಯುತ್ತದೆಯೇ ಎಂದು ತಿಳಿಯಲು ಕರುವಿನ ಯಕೃತ್ತನ್ನು ಪ್ರಯೋಗಾಲಯದ ಒಲೆಯಲ್ಲಿಟ್ಟು ಒಣಗಿಸಿದರು. ಮಾರ್ಗದರ್ಶಕರಿಗೆ ಹೇಳದೆ ನಡೆಸಿದ ಆ ಪ್ರಯೋಗದ ನಾತ ಪ್ರಯೋಗಾಲಯವನ್ನೆಲ್ಲ ತುಂಬಿತ್ತಂತೆ. 1985ರಲ್ಲಿ ಮಮ್ಮಿಯೊಂದರ ಡಿಎನ್‌ಎಯನ್ನು ಓದಿರುವುದಾಗಿ ಪ್ರಕಟಿಸಿ ಅವರು ಹೆಸರು ಮಾಡಿದರು. ಆದರೆ ಅದು ಮಮ್ಮಿಯದಲ್ಲ, ಅದನ್ನು ಮುಟ್ಟಿದ ಈ ಕಾಲದವರದೇ ಇದ್ದೀತು ಎಂದು ಮುಂದೆ ಅವರೇ ಒಪ್ಪಿಕೊಂಡರು. ತಮ್ಮ ಹೆಸರನ್ನು ಮೇಲೆತ್ತಿದ ಫಲಿತಾಂಶವನ್ನೇ ಸಂಶಯದಿಂದ ನೋಡಿದ್ದು ನೊಬೆಲ್ಲಿಗಿಂತ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ, ಏಕೆಂದರೆ ಮುಂದಿನ ಹನ್ನೆರಡು ವರ್ಷ ಅವರು ಬಹುಪಾಲು ಮಾಡಿದ ಕೆಲಸ ಬೆರಕೆಯನ್ನು ತಡೆಯುವ ವಿಧಾನಗಳನ್ನು ಕಂಡುಕೊಳ್ಳುವುದೇ ಆಗಿತ್ತು. 1997ರಲ್ಲಿ, ಈಗ ಅಳಿದುಹೋಗಿರುವ ನಿಯಾಂಡರ್ತಾಲ್ ಮಾನವನ ಮೈಟೊಕಾಂಡ್ರಿಯಾದಲ್ಲಿರುವ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎಯ ಒಂದು ತುಣುಕನ್ನು, 2010ರಲ್ಲಿ ಇಡೀ ಜೀನೋಮಿನ, ಅಂದರೆ ಪೂರ್ತಿ ಡಿಎನ್‌ಎಯ, ಕರಡನ್ನು ಅವರ ತಂಡ ಓದಿತು. ಆಫ್ರಿಕಾದಿಂದಾಚೆಯ ಜನರ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ನಿಯಾಂಡರ್ತಾಲರಿಂದ ಬಂದದ್ದು ಎಂಬುದು ಆಗ ತಿಳಿಯಿತು. ನಮ್ಮ ಮಂಡಿಪೇಟೆಯಲ್ಲಿ ಮೂಟೆ ಹೊರುವವರಲ್ಲೂ ಮೂಟೆ ಕೊಳ್ಳುವವರಲ್ಲೂ ಅದು ಇದೆ.

ದಿನನಿತ್ಯದ ಕೆಲಸಕ್ಕೆ ಬರೋಣ. ಹಳೆಯ ಅಸ್ಥಿಪಂಜರದಲ್ಲಿ ಡಿಎನ್‌ಎ ಹೆಚ್ಚಾಗಿ ಉಳಿಯುವುದು ಒಳಗಿವಿಯನ್ನು ಸುತ್ತಿರುವ, ದೇಹದಲ್ಲೇ ಅತ್ಯಂತ ಗಟ್ಟಿಯಾದ ಮೂಳೆಯಲ್ಲಿ. ಮೈತುಂಬ ಕವಚ, ಮುಖಗವಸು, ಎರಡು ಜೊತೆ ಕೈಗವಸು ಧರಿಸಿ, ಶೋಧಿಸಿದ ಗಾಳಿಯಿರುವ ಕೋಣೆಯಲ್ಲಿ ಕುಳಿತು, ಆ ಮೂಳೆಯನ್ನು ಸಣ್ಣಗೆ ಕೊರೆದು ಚಿಟಿಕೆಯಷ್ಟು ಪುಡಿ ತೆಗೆಯಬೇಕು. ಆ ಪುಡಿಯಿಂದ ಬರುವ ಡಿಎನ್‌ಎಯಲ್ಲಿ ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳದು. ಮನುಷ್ಯನದು ಎಷ್ಟೋ ವೇಳೆ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಸಿಕ್ಕ ತುಣುಕು ನಿಜವಾಗಿ ಹಳೆಯದೋ ಅಥವಾ ಅಗೆದವರ ಬೆವರಿನಿಂದ ಸೇರಿದ್ದೋ ಎಂಬುದನ್ನು ಅದರ ತುದಿಗಳಲ್ಲಿ ಕಾಲಕ್ರಮದಲ್ಲಿ ಆಗುವ ರಾಸಾಯನಿಕ ಸವೆತದಿಂದ ಗುರುತಿಸುತ್ತಾರೆ. ನಮ್ಮಂತಹ ಬಿಸಿ ನಾಡಿನಲ್ಲಿ ಈ ಕೆಲಸ ಇನ್ನೂ ಕಷ್ಟ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ಮೇಲೆ, ಸಿಂಧೂ ನಾಗರಿಕತೆಯ ಕಾಲದ ಒಬ್ಬಳೇ ಒಬ್ಬ ಮಹಿಳೆಯ ಡಿಎನ್‌ಎ ಓದಲು ಬಂತು. ಅದೂ ನೂರಕ್ಕೂ ಹೆಚ್ಚು ಸಲ ತುಣುಕುಗಳನ್ನು ಸಂಗ್ರಹಿಸಿ ಜೋಡಿಸಿದ ನಂತರ. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕಂಪ್ಯೂಟರಿನ ಮುಂದೆ ಕೂರುವ ಕೆಲಸ, ಮತ್ತು ಹೆಚ್ಚು ಕಾಲ ಹಿಡಿಯುವುದೂ ಅದೇ.

ಹಳೆಯ ಮೂಳೆಗಳಿಲ್ಲದೆಯೂ ಈ ವಿಜ್ಞಾನ ನಡೆಯುತ್ತದೆ. 1987ರಲ್ಲಿ ಅಮೆರಿಕದ ಬರ್ಕ್‌ಲಿಯ ಮೂವರು ವಿಜ್ಞಾನಿಗಳು 147 ಜನರ ಮೈಟೊಕಾಂಡ್ರಿಯಾವನ್ನು ಹೋಲಿಸಿ, ಎಲ್ಲರ ತಾಯಿಯ ಸಾಲೂ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿದ್ದ ಒಬ್ಬ ಸ್ತ್ರೀಯನ್ನು ಮುಟ್ಟುತ್ತದೆ ಎಂದು ತೋರಿಸಿದ್ದು ಬಾಣಂತಿಯರು ಕೊಟ್ಟ ಮಾಸುಚೀಲಗಳಿಂದ. ನಮ್ಮ ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರು ಆಫ್ರಿಕಾದ ಬಂಟು ಭಾಷಿಕರೆಂಬುದು 2011ರಲ್ಲಿ ಖಚಿತವಾದದ್ದೂ ಬದುಕಿರುವವರ ರಕ್ತದ ಮಾದರಿಗಳಿಂದಲೇ. ಇಂತಹ ಕೆಲಸದಲ್ಲಿ ಊರೂರಿಗೆ ಹೋಗಿ, ಹಟ್ಟಿಯ ಕಟ್ಟೆಯ ಮೇಲೆ ಕುಳಿತು, ರಕ್ತವನ್ನು ಏಕೆ ಕೇಳುತ್ತಿದ್ದೇವೆ, ಅದನ್ನು ಏನು ಮಾಡುತ್ತೇವೆ ಎಂದು ಹಿರಿಯರಿಗೆ ಅವರ ಮಾತಿನಲ್ಲೇ ತಿಳಿಸಿ ಒಪ್ಪಿಗೆ ಪಡೆಯುವುದು ಅರ್ಧ ಕೆಲಸ. ದಾವಣಗೆರೆಯ ಹುಡುಗಿಗೆ ಇದು ಹೊರಗಿನವರಿಗಿಂತ ಚೆನ್ನಾಗಿ ಬರುತ್ತದೆ ಎಂದು ನಾನು ನಂಬಿದ್ದೇನೆ.

ಪ್ರಯೋಜನವನ್ನು ಕೇಳಿದ್ದೀರಿ. 2009ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಲಾಲ್‌ಜಿ ಸಿಂಗ್ ಮತ್ತು ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಖ್ ಮುಂತಾದವರು ಭಾರತದ 25 ಸಮುದಾಯಗಳ ಡಿಎನ್‌ಎಯನ್ನು ಹೋಲಿಸಿದಾಗ, ನಮ್ಮ ಅನೇಕ ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ಸಾವಿರಾರು ವರ್ಷ ತಮ್ಮೊಳಗೇ ಮದುವೆಯಾಗುತ್ತ ಬಂದಿವೆ ಎಂಬುದು ಕಂಡುಬಂತು. ಇದು ಬರಿಯ ಇತಿಹಾಸವಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆ ವೈಶ್ಯ ಸಮುದಾಯದ ಕೆಲವರಲ್ಲಿ ಉಳಿದವರಿಗಿಂತ ಹೆಚ್ಚಾಗಿರುವುದಕ್ಕೆ ಕಾರಣ ಅದೇ ಇತಿಹಾಸ. ಅಂಥವರಿಗೆ ಆ ಔಷಧ ಕೊಟ್ಟರೆ ಬಹಳ ಹೊತ್ತು ಸ್ವಂತವಾಗಿ ಉಸಿರಾಡಲಾಗುವುದಿಲ್ಲ. ಮೊದಲೇ ತಿಳಿದಿದ್ದರೆ ಅರಿವಳಿಕೆ ವೈದ್ಯರು ಬೇರೆ ಔಷಧ ಬಳಸುತ್ತಾರೆ. ಮನೆಯವರಿಗೆ ಈ ಒಂದು ಉದಾಹರಣೆಯನ್ನು ಹೇಳಿ ನೋಡಿ.

ಓದಿನ ದಾರಿ ಉದ್ದವಾದರೂ ಗೊಂದಲದ್ದಲ್ಲ. ಎಂ.ಎಸ್‌ಸಿ.ಯಲ್ಲಿ ತಳಿವಿಜ್ಞಾನ ಅಥವಾ ಜೈವಿಕ ತಂತ್ರಜ್ಞಾನ ಓದಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಕ್ಕೇ ಪ್ರತ್ಯೇಕ ಅಧ್ಯಯನ ವಿಭಾಗವಿದೆ, ಹೊರ ರಾಜ್ಯಗಳಿಗೆ ಹೋಗುವುದಾದರೆ ಜಾಮ್ ಮತ್ತು ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆಗಳಿವೆ. ನಂತರ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಸಂಶೋಧನ ವೇತನ ಗಿಟ್ಟಿಸಿದರೆ, 2023ರಲ್ಲಿ ಪರಿಷ್ಕರಿಸಿದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಪ್ರಾಚೀನ ಡಿಎನ್‌ಎಗೆ ಸಿಸಿಎಂಬಿ ಮತ್ತು ಲಖನೌದ ಬೀರ್‌ಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳು ನಿಮ್ಮ ಕಣ್ಣೆದುರು ಇರಲಿ. ಈಗಿನಿಂದಲೇ ಸಂಖ್ಯಾಶಾಸ್ತ್ರವನ್ನೂ ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನೂ ಕಲಿಯಲು ತೊಡಗಿರಿ, ಪ್ರಾಣಿಶಾಸ್ತ್ರ ಓದಿದವರು ಸಾಮಾನ್ಯವಾಗಿ ಎಡವುವುದು ಅಲ್ಲಿಯೇ. ಪಿಎಚ್.ಡಿ.ಗೆ ಐದಾರು ವರ್ಷ ಬೇಕು, ಕಾಯಂ ಹುದ್ದೆಗಳು ಕಡಿಮೆ ಎಂಬುದನ್ನು ಮುಚ್ಚಿಡಲಾರೆ. ಆದರೆ ಇದೇ ಕೌಶಲಕ್ಕೆ ಆಸ್ಪತ್ರೆಗಳ ರೋಗಪತ್ತೆ ವಿಭಾಗದಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಬೆಂಗಳೂರಿನ ಜೈವಿಕ ಮಾಹಿತಿ ಕಂಪನಿಗಳಲ್ಲಿ ಬೆಲೆಯಿದೆ. ಬಿ.ಎಡ್. ಮಾಡಬಾರದೆಂದಲ್ಲ, ಎಂ.ಎಸ್‌ಸಿ. ಆದ ಮೇಲೆಯೂ ಅದನ್ನು ಮಾಡಬಹುದು ಎಂದಷ್ಟೇ ತಂದೆತಾಯಿಗೆ ಹೇಳಿರಿ.

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ನೌಕರ. ನಮ್ಮದು ದುರ್ಗದ ಪಾಳೆಯಗಾರರ ಬೆಡಗು (ಕುಲ) ಎಂದು, ಮನೆತನಗಳ ವಂಶಾವಳಿ ಹೇಳುವ ಹೆಳವರು ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಅಂಚೆಯಲ್ಲಿ ತರಿಸಿದ ಕೊಳವೆಗೆ ಎಂಜಲು ಉಗುಳಿ ಕಳುಹಿಸಿದ್ದಕ್ಕೆ, ಇಷ್ಟು ಪಾಲು ದಕ್ಷಿಣ ಭಾರತ, ಇಷ್ಟು ಪಾಲು ಮಧ್ಯ ಏಷ್ಯಾ ಎಂಬ ವರದಿ ಬಂದಿದೆ. ನಾಯಕರ ವಂಶದವರು ಹೌದೋ ಅಲ್ಲವೋ ಎಂಬುದನ್ನು ಡಿಎನ್‌ಎಯಿಂದ ಸಾಬೀತು ಮಾಡಲಾದೀತೇ?
– ಹೆಸರು ಬೇಡ, ಚಿತ್ರದುರ್ಗ

ಉತ್ತರ: ಆಗುವುದಿಲ್ಲ. ಏಕೆ ಎಂಬುದನ್ನು ಲೆಕ್ಕದಿಂದಲೇ ಹೇಳುತ್ತೇನೆ. ಹೈದರಾಲಿಯ ಕೈಗೆ ದುರ್ಗ ಬಿದ್ದದ್ದು 1779ರಲ್ಲಿ. ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷವೆಂದರೆ ನಿಮ್ಮ ಮನೆಯ ಮೊಮ್ಮಕ್ಕಳಿಗೆ ಅದು ಸರಿಸುಮಾರು ಹತ್ತನೆಯ ತಲೆಮಾರು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿ ನಾಲ್ವರು ಎಂದು ಎಣಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1,024 ಸ್ಥಾನಗಳಾಗುತ್ತವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಪದ್ಧತಿಯಿಂದ ಒಬ್ಬರೇ ಎರಡು ಮೂರು ಸ್ಥಾನದಲ್ಲಿ ಕುಳಿತಿರುತ್ತಾರೆ ಎಂಬುದು ಬೇರೆ ಮಾತು. ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಕೆಲವೇ ತುಂಡುಗಳಾಗಿ ಬೆರೆತು ಇಳಿಯುವುದರಿಂದ, ಅಷ್ಟು ಹಿಂದಿನ ಪೂರ್ವಜರಲ್ಲಿ ಅನೇಕರಿಂದ ಒಂದು ತುಣುಕೂ ನಮಗೆ ಬಂದಿರುವುದಿಲ್ಲ. ಆದ್ದರಿಂದ ಮದಕರಿ ನಾಯಕರೇ ನಿಮ್ಮ ನಿಜವಾದ ಪೂರ್ವಜರಾಗಿದ್ದರೂ ಮಗನ ಎಂಜಲಿನಲ್ಲಿ ಅವರ ಗುರುತು ಇಲ್ಲದಿರಬಹುದು.

ಮುರಿಯದೆ ಇಳಿಯುವುದು ಎರಡೇ ಎಳೆ: ತಂದೆಯಿಂದ ಮಗನಿಗೆ ಹೋಗುವ ವೈ ವರ್ಣತಂತು, ತಾಯಿಯಿಂದ ಮಕ್ಕಳಿಗೆ ಹೋಗುವ ಮೈಟೊಕಾಂಡ್ರಿಯಾ. ನಮ್ಮ ಬೆಡಗು ತಂದೆಯ ಕಡೆಯಿಂದ ಬರುವುದರಿಂದ ವೈ ವರ್ಣತಂತು ಅದಕ್ಕೆ ಸಾಕ್ಷಿಯಾಗಬೇಕಲ್ಲವೇ ಎಂದು ತಾವು ಕೇಳಬಹುದು. ಇಂಗ್ಲೆಂಡಿನಲ್ಲಿ ಅದೇ ಪರೀಕ್ಷೆ ನಡೆಯಿತು. 1485ರಲ್ಲಿ ಯುದ್ಧದಲ್ಲಿ ಮಡಿದ ದೊರೆ ಮೂರನೆಯ ರಿಚರ್ಡನ ಅಸ್ಥಿ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ಸಿಕ್ಕಿತು. ಅವನ ಅಕ್ಕನ ಹೆಣ್ಣುಸಾಲಿನಲ್ಲಿ ಹದಿನೇಳು ತಲೆಮಾರು ಕೆಳಗಿದ್ದವರ ಮೈಟೊಕಾಂಡ್ರಿಯಾ ಅದಕ್ಕೆ ಹೊಂದಿತು. ಆದರೆ ದಾಖಲೆಗಳ ಪ್ರಕಾರ ಗಂಡುಸಾಲಿನ ಬಂಧುಗಳಾಗಿದ್ದ ಐವರಲ್ಲಿ ಒಬ್ಬರ ವೈ ವರ್ಣತಂತುವೂ ಹೊಂದಲಿಲ್ಲ. ರಾಜಮನೆತನದ ಕಾಗದಪತ್ರಗಳಲ್ಲಿ ಎಲ್ಲಿಯೂ ಕಾಣದ ಒಂದು ಮುರಿತ ನಡುವೆ ಎಲ್ಲೋ ಆಗಿತ್ತು.

ದುರ್ಗದಲ್ಲಂತೂ ಮುರಿತವನ್ನು ಹುಡುಕಬೇಕಾಗಿಯೇ ಇಲ್ಲ. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕರು ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕರು ಜಾನಕಲ್ಲಿನ ಶಾಖೆಯವರು. ಅವರನ್ನು ದುರ್ಗದವರು ನಾಯಕರೆಂದು ಒಪ್ಪಿದರು, ಇಂದಿಗೂ ನೆನೆಯುತ್ತಾರೆ. ಅದಕ್ಕೆ ಯಾರ ಮೂಳೆಯ ಪುಡಿಯೂ ಬೇಕಾಗಲಿಲ್ಲ. ಕೋಟೆ ಬಿದ್ದ ನಂತರ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದರಿಂದ ಆ ಜನರ ಸಾಲುಗಳು ಎಲ್ಲೆಲ್ಲಿಗೋ ಹರಡಿವೆ. ಹೋಲಿಸಿ ನೋಡಲು ನಾಯಕರ ಕಾಲದ, ಹೆಸರು ಖಚಿತವಾದ ಮೂಳೆಯೂ ಬೇಕಾಗುತ್ತದೆ.

ಮಗನಿಗೆ ಬಂದಿರುವ ಶೇಕಡಾವಾರು ಪಟ್ಟಿಯ ವಿಷಯವೂ ಇಷ್ಟೇ. ಕಂಪನಿಯ ಸಂಗ್ರಹದಲ್ಲಿ ಇಂದು ಯಾರ ಮಾದರಿಗಳಿವೆಯೋ ಅವರೊಂದಿಗೆ ಹೋಲಿಸಿ ಅದನ್ನು ಕೊಡುತ್ತಾರೆ, ಸಂಗ್ರಹ ಬದಲಾದರೆ ಪಾಲುಗಳೂ ಬದಲಾಗುತ್ತವೆ. ಮಧ್ಯ ಏಷ್ಯಾ ಎಂಬುದನ್ನು ಕಂಡು ತಾವು ಹಿಗ್ಗುವುದೂ ಬೇಡ, ಗಾಬರಿಯಾಗುವುದೂ ಬೇಡ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಬಹುತೇಕ ಎಲ್ಲ ಸಮುದಾಯಗಳ ಪೂರ್ವಜರು ಪರಸ್ಪರ ಬೆರೆತರು, ಒಳಗೊಳಗೇ ಮದುವೆಯಾಗುವ ಕಟ್ಟುಪಾಡು ಬಿಗಿಯಾದದ್ದು ಆಮೇಲೆ ಎಂದು 2013ರ ಅಧ್ಯಯನವೊಂದು ತೋರಿಸಿದೆ. ಅಂದರೆ ಆ ಪಾಲು ತಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಹೆಚ್ಚು ಕಡಿಮೆಯಾಗಿ ಸಿಗುತ್ತದೆ.

ಹೆಳವರ ಪುಸ್ತಕವನ್ನು ಮಾತ್ರ ಜೋಪಾನ ಮಾಡಿಸಿರಿ. ಜಗಳೂರಿನ ಕಡೆಯ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬರುತ್ತಿದ್ದ ಹೆಳವರು ನನ್ನ ಮುತ್ತಜ್ಜನ ತಂದೆ ಯಾವ ಊರು ಬಿಟ್ಟು ಏಕೆ ಬಂದರು ಎಂಬುದನ್ನು ಹೇಳಿ ಒಂದು ಮೊರ ಜೋಳ ಪಡೆದು ಹೋಗುತ್ತಿದ್ದರು. ಯಾರು ಯಾರನ್ನು ತಮ್ಮವರೆಂದು ಎಣಿಸಿಕೊಂಡರು ಎಂಬ ಮಾಹಿತಿ ಅಲ್ಲಿದೆ, ದತ್ತು ಬಂದವರೂ ಅದರೊಳಗೆ ಸೇರುತ್ತಾರೆ; ಅದು ಡಿಎನ್‌ಎಯಲ್ಲಿ ಇರುವುದಿಲ್ಲ. ನನ್ನ ಬೇಸರವೇನೆಂದರೆ ಆ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುವುದು ಅಪರೂಪ, ನನ್ನ ಅಜ್ಜಿಯ ತವರಿನ ಸಾಲು ನನಗೆ ಎರಡೇ ತಲೆಮಾರಿಗೆ ನಿಂತುಹೋಗಿದೆ.

ಪ್ರಶ್ನೆ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಕಲ್ಲುಗೋರಿಗಳಲ್ಲಿದ್ದ ಜನ ಯಾರು, ಅವರು ಕನ್ನಡ ಮಾತನಾಡುತ್ತಿದ್ದರೇ ಎಂದು ನಮ್ಮ ಶಾಲೆಯ ಮಕ್ಕಳು ಕೇಳುತ್ತಾರೆ. ಡಿಎನ್‌ಎ ಉತ್ತರ ಕೊಡುವುದೇ?
– ಶಿಕ್ಷಕರು, ಮೊಳಕಾಲ್ಮೂರು

ಉತ್ತರ: ಭಾಷೆ ಡಿಎನ್‌ಎಯಲ್ಲಿ ಬರೆದಿರುವುದಿಲ್ಲ, ಜನರ ಬೆರಕೆಯ ಕಾಲವನ್ನು ಭಾಷೆ ಕವಲೊಡೆದ ಕಾಲದೊಂದಿಗೆ ಹೊಂದಿಸಿ ಊಹಿಸಬಹುದಷ್ಟೇ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು ಕೊರಗ ಸಮುದಾಯದಲ್ಲಿ ಸುಮಾರು 4,400 ವರ್ಷ ಹಿಂದಿನ ಒಂದು ಪ್ರತ್ಯೇಕ ಮೂಲವನ್ನು ಗುರುತಿಸಿ, ಅದನ್ನು ದ್ರಾವಿಡ ಭಾಷೆಗಳ ಮೂಲಭಾಷೆಯನ್ನು ಆಡುತ್ತಿದ್ದವರೊಂದಿಗೆ ಜೋಡಿಸಿದ್ದು ಈ ವಿಧಾನದಿಂದಲೇ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರಿಗೆ ಗೋರಿಗಳಲ್ಲಿ ಕಂಡದ್ದು ಇಡೀ ದೇಹಗಳಲ್ಲ, ಹೊರಗೆ ಬಯಲಿನಲ್ಲಿ ಶಿಥಿಲವಾದ ಮೇಲೆ ಆಯ್ದು ತಂದಿಟ್ಟ ಮೂಳೆಗಳು. ಮೊದಲೇ ಬಿಸಿಲು ಮಳೆಗೆ ಸಿಕ್ಕಿ, ಆನಂತರ ಎರಡು ಸಾವಿರಕ್ಕೂ ಹೆಚ್ಚು ವರ್ಷ ಮೊಳಕಾಲ್ಮೂರಿನ ಸೆಕೆಯಲ್ಲಿ ಬೆಂದ ಮೂಳೆಯಿಂದ ಡಿಎನ್‌ಎ ಪಡೆಯುವುದು ಬಹಳ ಕಷ್ಟ.

ಆದರೆ ಅದೇ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೆಯ ಶತಮಾನದ ಒಬ್ಬ ವಲಸಿಗ ತನ್ನ ಗುರುತನ್ನು ತಾನೇ ಬಿಟ್ಟುಹೋಗಿದ್ದಾನೆ. ಅಶೋಕನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ, ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ‘ಲಿಪಿಕರೇಣ’ ಎಂಬ ಒಂದೇ ಪದವನ್ನು ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದ. ಅವನು ಆ ಕಡೆಯವನೇ ಇರಬೇಕು, ಇಲ್ಲವೇ ಅಲ್ಲಿ ಓದು ಕಲಿತವನು. ಮಕ್ಕಳನ್ನು ಕರೆದುಕೊಂಡು ಹೋದಾಗ ಬಂಡೆಯ ಮೇಲಿನ ಕೊನೆಯ ಸಾಲನ್ನು ತೋರಿಸಿರಿ. ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುತ್ತದೆ.