ಗೊತ್ತಿದ್ದೂ ತಪ್ಪುವ ಉತ್ತರಗಳು

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿ, ಮತ್ತೆ ಪರೀಕ್ಷೆ ಬರೆಯುವವರಿಗಾಗಿ ನಡೆಯುವ ಲಾಂಗ್ ಟರ್ಮ್ ತರಬೇತಿ ತರಗತಿಗೆ ಸೇರಿ ಎರಡನೆಯ ಬಾರಿ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಓದುತ್ತಿದ್ದೇನೆ. ದಿನಕ್ಕೆ ಹನ್ನೆರಡು ತಾಸು ಓದಿದರೂ ಅಣಕು ಪರೀಕ್ಷೆಗಳಲ್ಲಿ ಅಂಕ 420ರ ಆಸುಪಾಸಿನಲ್ಲೇ ನಿಂತಿದೆ. ಭೌತಶಾಸ್ತ್ರಕ್ಕೆ ಬರುವಷ್ಟರಲ್ಲಿ ಕೈ ನಡುಗಿ, ಓದಿದ್ದೆಲ್ಲ ಮರೆತಂತಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತೆಗೆದುಕೊಳ್ಳಲೇ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆ ಕಾಣುತ್ತಿಲ್ಲ, ಆದ್ದರಿಂದ ಓದಿನ ತಾಸುಗಳನ್ನು ಇನ್ನೂ ಹೆಚ್ಚಿಸಬೇಡಿ. ಮೊದಲು ಕಳೆದ ಐದು ಅಣಕು ಪರೀಕ್ಷೆಗಳ ಉತ್ತರಗಳನ್ನು ಮುಂದಿಟ್ಟುಕೊಂಡು, ಒಂದೊಂದು ತಪ್ಪಿನ ಪಕ್ಕದಲ್ಲೂ ಅದು ವಿಷಯ ತಿಳಿಯದೆ ಆದದ್ದೋ, ಊಹಿಸಿ ಗುರುತು ಹಾಕಿದ್ದೋ, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದೋ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಸರಿಯುತ್ತರಕ್ಕೆ 4 ಅಂಕ ಸೇರಿ, ತಪ್ಪಿಗೆ 1 ಅಂಕ ಕಳೆಯುವುದರಿಂದ ಗೊತ್ತಿದ್ದೂ ತಪ್ಪಿದ ಒಂದು ಪ್ರಶ್ನೆಯ ನಿಜವಾದ ನಷ್ಟ 5 ಅಂಕ. ಉದಾಹರಣೆಗೆ 168 ಪ್ರಶ್ನೆಗಳಿಗೆ ಉತ್ತರಿಸಿ 118 ಸರಿ, 50 ತಪ್ಪಾದರೆ ಸಿಗುವುದು 422. ಆ ಐವತ್ತರಲ್ಲಿ ಅವಸರದ ಇಪ್ಪತ್ತನ್ನು ಸರಿಪಡಿಸಿಕೊಂಡರೆ, ಹೊಸದಾಗಿ ಒಂದು ಪಾಠವನ್ನೂ ಓದದೆ ಅಂಕ 522 ಆಗುತ್ತದೆ. ಈ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದನ್ನೇ ವಾರಕ್ಕೆರಡು ಬಾರಿ ಓದಿ, ಉಳಿದ ವೇಳೆಗೆ ಎನ್‌ಸಿಇಆರ್‌ಟಿ ಪಠ್ಯಗಳು ಸಾಕು.

2025ರ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳಿದ್ದವು: ಜೀವಶಾಸ್ತ್ರದಿಂದ 90, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಿಂದ ತಲಾ 45. ಜೀವಶಾಸ್ತ್ರವನ್ನು 50 ನಿಮಿಷದಲ್ಲಿ, ರಸಾಯನಶಾಸ್ತ್ರವನ್ನು 50 ನಿಮಿಷದಲ್ಲಿ ಮುಗಿಸಿದರೆ ಭೌತಶಾಸ್ತ್ರಕ್ಕೆ ಒಂದು ತಾಸು ದೊರೆತು, ಬಿಟ್ಟ ಪ್ರಶ್ನೆಗಳಿಗೆ ಮರಳಲು 20 ನಿಮಿಷ ಉಳಿಯುತ್ತದೆ. ಉತ್ತರದ ವೃತ್ತಗಳಿರುವ ಓಎಂಆರ್ ಹಾಳೆಯನ್ನು ಕೊನೆಯಲ್ಲಿ ಒಟ್ಟಿಗೆ ತುಂಬುವ ಸಾಹಸ ಬೇಡ; ಪ್ರತಿ ಪುಟ ಮುಗಿದಂತೆ ತುಂಬಿ.

ನಿಮ್ಮ ನಡುಕದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಭೌತಶಾಸ್ತ್ರದ ಮೊದಲ ಕಠಿಣ ಲೆಕ್ಕವನ್ನು ಬಿಡಿಸಿಯೇ ಮುಂದೆ ಹೋಗುತ್ತೇನೆಂದು ನೀವು ಹಟ ಹಿಡಿಯುತ್ತಿರಬಹುದು. ಮೊದಲ ಸುತ್ತಿನಲ್ಲಿ ಸೂತ್ರ ಹಾಕಿದೊಡನೆ ಉತ್ತರ ಬರುವವುಗಳನ್ನು ಮಾತ್ರ ಮಾಡಿ. ಒಂದೂವರೆ ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಯನ್ನು, ಪತ್ರಿಕೆಯಲ್ಲಿ ಅದರ ಪಕ್ಕ ಒಂದು ಗುರುತು ಹಾಕಿ, ಉತ್ತರಿಸದೆ ಬಿಟ್ಟುಬಿಡಿ. ಹೀಗೆ ಬಿಡುವುದಕ್ಕೂ ಅಭ್ಯಾಸ ಬೇಕು, ಅದನ್ನು ಪ್ರತಿ ಅಣಕು ಪರೀಕ್ಷೆಯಲ್ಲೂ ಮಾಡಿ. ನಡುಕ ಬಂದಾಗ ಪೆನ್ನು ಕೆಳಗಿಟ್ಟು, ನಾಲ್ಕು ಬಾರಿ ನಿಧಾನವಾಗಿ ಉಸಿರು ಹೊರಬಿಡಲು ಅರ್ಧ ನಿಮಿಷ ಕೊಟ್ಟರೆ ನಷ್ಟವಿಲ್ಲ. ಪರೀಕ್ಷೆ ಮಧ್ಯಾಹ್ನ 2ಕ್ಕೆ ಆರಂಭವಾಗುವುದರಿಂದ, ಊಟದ ನಂತರ ಮಲಗುವ ರೂಢಿಯಿದ್ದರೆ ಈಗಲೇ ಬಿಟ್ಟು, ಅಣಕು ಪರೀಕ್ಷೆಗಳನ್ನು ಅದೇ ವೇಳೆಗೆ ಬರೆಯಿರಿ.

ಕನ್ನಡದ ಪ್ರಶ್ನೆಪತ್ರಿಕೆ ನಿಮ್ಮ ಹಕ್ಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆದರೆ ಪಿಯುಸಿಯಲ್ಲಿ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಕಲಿತಿದ್ದೀರಿ, ಅನುವಾದದಲ್ಲಿ ಗೊಂದಲವಿದ್ದರೆ ಪ್ರಶ್ನೆಯ ಇಂಗ್ಲಿಷ್ ರೂಪವನ್ನೇ ಅಂತಿಮವೆಂದು ಪರಿಗಣಿಸಲಾಗುತ್ತದೆ. ಅರ್ಜಿ ತುಂಬುವ ಮೊದಲೇ ಹಳೆಯ ಕನ್ನಡ ಪತ್ರಿಕೆಯೊಂದನ್ನು ಗಡಿಯಾರವಿಟ್ಟು ಬಿಡಿಸಿ ನೋಡಿ ತೀರ್ಮಾನಿಸಿ.

ನಿದ್ದೆ ಏಳು ತಾಸಿಗಿಂತ ಕಡಿಮೆಯಾಗದಿರಲಿ. ಪ್ರತಿ ಪರೀಕ್ಷೆಯ ಸಂಜೆ ಅಂಕ ಕೇಳುವ ಬದಲು ತಿಂಗಳಿಗೊಮ್ಮೆ ಕೇಳಿರೆಂದು ತಂದೆತಾಯಿಗೆ ನೀವೇ ಹೇಳಿ, ಅವರಿಗೆ ಅರ್ಥವಾಗುತ್ತದೆ. ನಿದ್ದೆ ಬಾರದ ರಾತ್ರಿಗಳು, ಬದುಕೇ ಬೇಡವೆನ್ನಿಸುವ ಯೋಚನೆಗಳು ಬಂದರೆ ಮಾತ್ರ ಒಂದು ದಿನವೂ ಕಾಯದೆ ಮನೆಯವರಿಗೆ ತಿಳಿಸಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.